ಬುದ್ಧನ ಬಗ್ಗೆ ವಾದ ಮಾಡಿ, ನಕ್ಕು, ಮುಂದಿನ ವಾರವೂ ಸೇರುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇದ್ದಾರೆ. “ನಾಲ್ಕು ಜನ ಸೇರಿ ಬೌದ್ಧ ಗ್ರಂಥ ಓದೋಣ ಅಂತ ಶುರು ಮಾಡಿದ್ವಿ, ತಿಂಗಳಾಗೋದ್ರೊಳಗೆ ಇಬ್ಬರು ಮಾತು ಬಿಟ್ಟರು.” “ಒಬ್ಬರು ಏನೋ ತಮಾಷೆಗೆ ಅಂದರು, ಇನ್ನೊಬ್ಬರು ಎದ್ದು ಹೋದರು.” “ಶಾಂತಿಯ ವಿಷಯ ಮಾತಾಡೋಕೆ ಕೂತು ಇಷ್ಟೊಂದು ಜಗಳ ಯಾಕೆ?”

ಜಗಳವೇ ಬರದಂತೆ ಮಾಡುವ ಉಪಾಯ ಈ ಲೇಖನದಲ್ಲಿ ಇಲ್ಲ. ಹಳೆಯ ಬೌದ್ಧ ದಾರ್ಶನಿಕರಾದ ನಾಗಾರ್ಜುನ, ದಿಙ್ನಾಗ, ಧರ್ಮಕೀರ್ತಿ ಎಲ್ಲರೂ ಎದುರಾಳಿಗಳೊಂದಿಗೆ ವಾದ ಮಾಡಿಯೇ ಬರೆದವರು. ಭಿನ್ನಾಭಿಪ್ರಾಯವೇ ಏಳದ ಕೂಟದಲ್ಲಿ ಯಾರೂ ಪುಸ್ತಕ ತೆರೆದಿಲ್ಲ ಅಂತಲೇ ನನ್ನ ಲೆಕ್ಕ. ವಾದ ವಿಷಯದ ಮೇಲೆ ನಿಲ್ಲಬೇಕು, ನಗು ಎದುರಿಗೆ ಕೂತವರ ಮೇಲೆ ಬೀಳಬಾರದು. ಅದಕ್ಕೆ ಏನು ಮಾಡಬೇಕು ಎಂಬುದಷ್ಟನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಏನೇನು ಬೇಕು

ಆರರಿಂದ ಹನ್ನೆರಡು ಜನ. ಅದಕ್ಕಿಂತ ಹೆಚ್ಚಾದರೆ ಸಭೆಯಾಗುತ್ತದೆ, ಭಾಷಣ ಶುರುವಾಗುತ್ತದೆ. ಯಾರ ಮನೆಯೂ ಅಲ್ಲದ ಜಾಗವಾದರೆ ಒಳ್ಳೆಯದು: ಗ್ರಂಥಾಲಯದ ಕೊಠಡಿ, ಕುಕ್ಕರಹಳ್ಳಿ ಕೆರೆಯ ದಂಡೆ, ಕಾಲೇಜಿನ ಖಾಲಿ ತರಗತಿ. ಮನೆಯಲ್ಲಿ ಸೇರಿದರೆ ಎಲ್ಲರೂ ಆ ಮನೆಯವರ ಅತಿಥಿಗಳಾಗುತ್ತಾರೆ, ಆಮೇಲೆ ಅವರ ಮಾತಿಗೆ ಎದುರಾಡುವುದು ಕಷ್ಟ. ಆ ದಿನ ಓದುವ ಭಾಗದ ಝೆರಾಕ್ಸ್ ಪ್ರತಿ ಎಲ್ಲರ ಕೈಯಲ್ಲೂ ಇರಲಿ. ಚರ್ಚೆ ನಡೆಸಿಕೊಡಲು ಒಬ್ಬರು ಬೇಕು, ವಾರವಾರವೂ ಬದಲಾಗಬೇಕು. ಕಾಫಿ ಇರಲಿ. ಯಾಕೆಂದು ಆರನೇ ಹಂತದಲ್ಲಿ ಹೇಳುತ್ತೇನೆ.

1. ಯಾರು ಎಲ್ಲಿಂದ ಬಂದಿದ್ದಾರೆ, ಮೊದಲು ತಿಳಿದುಕೊಳ್ಳಿ

ನಮ್ಮ ಭಾಗದಲ್ಲಿ ಬುದ್ಧನ ಹೆಸರು ಹೇಳಿ ಜನ ಸೇರಿಸಿದರೆ ಕನಿಷ್ಠ ನಾಲ್ಕು ದಾರಿಯವರು ಬರುತ್ತಾರೆ. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮುಗಿಸಿ ಪಾಲಿ ಸುತ್ತಗಳನ್ನು (ಬುದ್ಧನ ಉಪದೇಶದ ಪಾಠಗಳನ್ನು) ಓದಬೇಕೆನ್ನುವವರು. ಬಾಬಾಸಾಹೇಬರ ದಾರಿಯಲ್ಲಿ ಬೌದ್ಧರಾದವರು. ಈ ದಾರಿಗೆ ನವಯಾನ ಎಂದು ಹೆಸರು. ಬೈಲಕುಪ್ಪೆಯ ಟಿಬೆಟನ್ ಲಾಮಾಗಳ ಮಾತು ಕೇಳಿ ಬಂದವರು. ಮತ್ತೆ, ವೇದಾಂತವನ್ನೋ ಯೋಗವನ್ನೋ ಹಿಡಿದು “ಬೌದ್ಧರು ಏನಂತಾರೆ ನೋಡೋಣ” ಎಂದು ಬಂದವರು. ಗೋಕುಲಂ ಬಡಾವಣೆ ಹತ್ತಿರವಿದ್ದರೆ ಯೋಗ ಕಲಿಯಲು ಬಂದ ಒಬ್ಬಿಬ್ಬರು ವಿದೇಶಿಯರೂ ಸೇರಿಕೊಳ್ಳಬಹುದು.

ಮೊದಲ ಸಲ ಸೇರಿದಾಗ ಒಂದೇ ಕೆಲಸ ಮಾಡಿ. “ನಿಮಗೆ ಬುದ್ಧ ಯಾರು?” ಎಂಬುದಕ್ಕೆ ಪ್ರತಿಯೊಬ್ಬರೂ ಎರಡು ವಾಕ್ಯದಲ್ಲಿ ಉತ್ತರಿಸಲಿ. ಯಾರ ಉತ್ತರಕ್ಕೂ ಅವತ್ತು ಪ್ರತ್ಯುತ್ತರ ಇಲ್ಲ. ಒಬ್ಬರಿಗೆ ಆತ ವೈದ್ಯ, ಒಬ್ಬರಿಗೆ ಸಮಾಜದ ಬಿಡುಗಡೆಗೆ ದಾರಿ ತೋರಿದವನು, ಒಬ್ಬರಿಗೆ ಪೂಜೆಗೆ ಅರ್ಹ, ಒಬ್ಬರಿಗೆ ದೊಡ್ಡ ತಾರ್ಕಿಕ. ಇಷ್ಟು ಮೊದಲೇ ಗೊತ್ತಿದ್ದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಎಚ್ಚರಿಕೆ: ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ “ಬುದ್ಧ ನಮ್ಮ ವಿಷ್ಣುವಿನ ಒಂಬತ್ತನೇ ಅವತಾರ ಅಲ್ವೇ, ಎಲ್ಲಾ ಒಂದೇ” ಎನ್ನುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಐದನೆಯದು, ಬುದ್ಧ ವಿಷ್ಣುವಿನ ಅವತಾರವೆಂದು ನಂಬುವುದಿಲ್ಲ ಎಂಬುದೇ. ಆ ಪ್ರತಿಜ್ಞೆ ತೆಗೆದುಕೊಂಡವರ ಎದುರು ಈ ಮಾತು ಸೌಹಾರ್ದವಾಗುವುದಿಲ್ಲ. ಅವರು ಬಿಟ್ಟು ಬಂದ ಮನೆಗೆ ವಾಪಸ್ ಎಳೆದಂತೆ ಆಗುತ್ತದೆ. ನನ್ನ ಪ್ರಕಾರ ಇಂಥ ಕೂಟಗಳಲ್ಲಿ ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡುವುದು ಈ “ಎಲ್ಲಾ ಒಂದೇ”. ಬೈದವರ ಜೊತೆ ವಾದ ಮಾಡಬಹುದು. ಎಲ್ಲಾ ಒಂದೇ ಎಂದು ಮುಗುಳ್ನಕ್ಕವರ ಜೊತೆ ಮಾಡುವುದೇನು?

2. ವಿಷಯ ಬೇಡ, ಪಾಠ ಇಟ್ಟುಕೊಳ್ಳಿ

“ಇವತ್ತು ಕರುಣೆಯ ಬಗ್ಗೆ ಮಾತಾಡೋಣ” ಎಂದರೆ ಕೆಟ್ಟಿತು. ಎರಡು ಪುಟದ ಒಂದು ಪಾಠ ಆರಿಸಿ, ಗಟ್ಟಿಯಾಗಿ ಓದಿಸಿ, ಆಮೇಲೆ ಮಾತು. “ಬುದ್ಧ ಹೇಳಿದ್ದಾನೆ” ಎನ್ನುವವರು ಎಲ್ಲಿ ಎಂದೂ ಹೇಳಬೇಕು; ಹೇಳಲಾಗದಿದ್ದರೆ “ನನಗೆ ಅನ್ನಿಸುತ್ತದೆ” ಎಂದು ಬದಲಿಸಿಕೊಳ್ಳಬೇಕು. ವಾಟ್ಸಪ್‌ನಲ್ಲಿ ತಾವರೆ ಹೂವಿನ ಚಿತ್ರದ ಜೊತೆ ಓಡಾಡುವ ಬುದ್ಧವಚನಗಳಲ್ಲಿ ಬಹಳಷ್ಟು ಬುದ್ಧನಿಗೆ ಗೊತ್ತೇ ಇಲ್ಲದವು.

ಹೆಚ್ಚು ದುರ್ಬಳಕೆಯಾಗುವುದು ಕಾಲಾಮ ಸುತ್ತ. “ಯಾರು ಹೇಳಿದರೂ ನಂಬಬೇಡ, ನಿನ್ನ ಬುದ್ಧಿಗೆ ಒಪ್ಪಿದ್ದನ್ನು ಮಾತ್ರ ನಂಬು ಅಂತ ಬುದ್ಧನೇ ಹೇಳಿದ್ದಾನೆ” ಎಂದು ಇದನ್ನು ಬೀಸುತ್ತಾರೆ. ಪಾಠ ತೆರೆದು ನೋಡಿ. ಕೇಸಪುತ್ತದ ಕಾಲಾಮರಿಗೆ ಆತ ಆಧಾರವಾಗಿ ಹಿಡಿಯಬೇಡಿ ಎಂದ ಹತ್ತು ಸಂಗತಿಗಳಲ್ಲಿ ಪರಂಪರೆ, ಗ್ರಂಥ, ಗುರುವಿನ ಮೇಲಿನ ಗೌರವ ಇರುವ ಹಾಗೆ ಬರೀ ತರ್ಕವೂ ಇದೆ, ಮನಸ್ಸಿಗೆ ಒಪ್ಪಿದ ಅಭಿಪ್ರಾಯವೂ ಇದೆ. ಯಾವುದು ಕೇಡು ತರುತ್ತದೆ, ಯಾವುದನ್ನು ಅರಿತವರು ಖಂಡಿಸುತ್ತಾರೆ ಎಂದು ನೀವೇ ಕಂಡುಕೊಂಡು ಅದನ್ನು ತೊರೆಯಿರಿ ಎಂಬುದು ಅಲ್ಲಿನ ಮಾತು. ಅಂದರೆ ನಿಮ್ಮ ಬುದ್ಧಿಗೂ ಅಲ್ಲಿ ವಿನಾಯಿತಿ ಇಲ್ಲ.

ನಮ್ಮೂರಿನ ಕಾವೇರಿದ ಉದಾಹರಣೆ ಮಹಿಷನದು. ದಸರಾ ಹತ್ತಿರ ಬಂದರೆ ಕೂಟದಲ್ಲಿ ಈ ಮಾತು ಎದ್ದೇ ಏಳುತ್ತದೆ: ಮಹಿಷ ಬೌದ್ಧ ದೊರೆಯೋ, ಚಾಮುಂಡಿ ಕೊಂದ ಅಸುರನೋ? ಹಲಗೆಯ ಮೇಲೆ ಎರಡು ಗೀಟು ಎಳೆದು ಮೂರು ಮನೆ ಮಾಡಿ. ಮೊದಲ ಮನೆಯಲ್ಲಿ ಗ್ರಂಥ ಏನು ಹೇಳುತ್ತದೆ ಎಂಬುದು: ಅಶೋಕನ ಕಾಲದ ಮೂರನೇ ಸಂಗೀತಿಯ (ಭಿಕ್ಷುಗಳ ಮಹಾಸಭೆಯ) ನಂತರ ಮಹಾದೇವ ಎಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ಮಹಿಷಮಂಡಲಕ್ಕೆ ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಎರಡನೆಯದರಲ್ಲಿ ವಿದ್ವಾಂಸರ ಊಹೆ: ಆ ಮಹಿಷಮಂಡಲ ನಮ್ಮ ಮೈಸೂರು ಎಂದು ಕೆಲವರು, ನರ್ಮದಾ ತೀರದ ಮಾಹಿಷ್ಮತಿ ಎಂದು ಕೆಲವರು. ಮೂರನೆಯದರಲ್ಲಿ ಇವತ್ತಿನ ಜನರ ನಂಬಿಕೆ, ನೋವು, ರಾಜಕೀಯ. ಯಾರ ಮಾತು ಯಾವ ಮನೆಗೆ ಸೇರಿದ್ದು ಎಂದು ಅವರವರೇ ಬೆರಳಿಟ್ಟು ತೋರಿಸಲಿ. ತೀರ್ಮಾನ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಮೂರನೇ ಮನೆಯ ಮಾತನ್ನು ಮೊದಲನೇ ಮನೆಯಲ್ಲಿ ಕೂರಿಸುವುದು ನಿಲ್ಲುತ್ತದೆ. ಇದು ಎರಡೂ ಕಡೆಯವರಿಗೆ ಅನ್ವಯ.

3. ಪ್ರಶ್ನೆ ಯಾವ ಜಾತಿಯದು ನೋಡಿ

ಪ್ರಶ್ನೆಗೆ ಉತ್ತರಿಸಲು ನಾಲ್ಕು ರೀತಿ ಎಂದು ಅಂಗುತ್ತರ ನಿಕಾಯ (ನಿಕಾಯ ಎಂದರೆ ಪಾಲಿ ಸುತ್ತಗಳ ಸಂಗ್ರಹ) ಹೇಳುತ್ತದೆ: ನೇರವಾಗಿ ಹೌದು ಅಥವಾ ಅಲ್ಲ ಎನ್ನುವುದು, ಬಿಡಿಸಿ ಹೇಳುವುದು, ಮರುಪ್ರಶ್ನೆ ಕೇಳುವುದು, ಪಕ್ಕಕ್ಕಿಡುವುದು. ಮಂಡ್ಯದವರೊಬ್ಬರು “ಅದೆಂಗಣ್ಣ? ಆತ್ಮನೇ ಇಲ್ಲ ಅಂದ್ಮೇಲೆ ಮತ್ತೆ ಉಟ್ಟೋನು ಯಾರು?” ಎಂದರೆ ಅದು ಬಿಡಿಸಿ ಹೇಳಬೇಕಾದ ಪ್ರಶ್ನೆ. ಅನಾತ್ಮ ಎಂದರೆ ಬದಲಾಗದೆ ಉಳಿಯುವ ‘ನಾನು’ ಎಂಬುದೊಂದು ಇಲ್ಲ ಎಂದು. ಕಾರಣ-ಕಾರ್ಯದ ಹರಿವು ಇಲ್ಲವೆಂದಲ್ಲ. ಅಂಬೇಡ್ಕರ್ ತಮ್ಮ ಬೌದ್ಧ ಗ್ರಂಥದ ಪೀಠಿಕೆಯಲ್ಲಿ ಎತ್ತಿದ ನಾಲ್ಕು ಸಮಸ್ಯೆಗಳಲ್ಲಿ ಇದೂ ಒಂದು. ಹಾಗಾಗಿ ಕೇಳಿದವರನ್ನು “ಇಷ್ಟೂ ಗೊತ್ತಿಲ್ವಾ” ಎಂಬಂತೆ ನೋಡುವ ಹಕ್ಕು ಯಾರಿಗೂ ಇಲ್ಲ. ಲೋಕ ಶಾಶ್ವತವೋ ಅಲ್ಲವೋ ಎಂಬಂಥದ್ದನ್ನು ಬುದ್ಧನೇ ಪಕ್ಕಕ್ಕಿಟ್ಟ. ನೀವೂ ಇಡಬಹುದು, ಕಾಫಿ ಆರುವ ಮೊದಲು.

4. ವಾದದ ನಿಯಮ ಮೊದಲೇ ಒಪ್ಪಿಕೊಳ್ಳಿ

ಗ್ರೀಕ್ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ವಾದಕ್ಕೆ ಕರೆದಾಗ ನಾಗಸೇನ ಒಂದು ಷರತ್ತು ಹಾಕಿದನೆಂದು ಮಿಲಿಂದಪನ್ಹ ಹೇಳುತ್ತದೆ. ಪಂಡಿತರ ಹಾಗೆ ಮಾತಾಡುವುದಾದರೆ ಬರುತ್ತೇನೆ, ರಾಜರ ಹಾಗಾದರೆ ಇಲ್ಲ. ಪಂಡಿತರಲ್ಲಿ ತಪ್ಪು ತೋರಿಸುತ್ತಾರೆ, ಒಪ್ಪುತ್ತಾರೆ, ಬಿಡಿಸುತ್ತಾರೆ, ಯಾರೂ ಸಿಟ್ಟಾಗುವುದಿಲ್ಲ. ರಾಜರು ಒಂದು ಮಾತು ಹೇಳಿ, ಒಪ್ಪದವನಿಗೆ ದಂಡ ಹಾಕುತ್ತಾರೆ. ನಿಮ್ಮ ಕೂಟದಲ್ಲೂ ರಾಜರಿರುತ್ತಾರೆ. ನಿವೃತ್ತ ಅಧಿಕಾರಿಗಳು, ಮೇಷ್ಟ್ರುಗಳು, ಮೂರು ಶಿಬಿರ ಮುಗಿಸಿದವರು. ಆರಂಭದಲ್ಲೇ ಈ ಭಾಗ ಓದಿಸಿಬಿಡಿ. ಆಮೇಲೆ “ಸಾರ್, ಸ್ವಲ್ಪ ರಾಜವಾದ ಆಯ್ತು” ಎಂದರೆ ಸಾಕು, ಅವರೇ ನಗುತ್ತಾರೆ.

ನಮ್ಮ ನ್ಯಾಯಶಾಸ್ತ್ರದ ವಿಂಗಡಣೆಯೂ ಉಪಯೋಗಕ್ಕೆ ಬರುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲಲೇಬೇಕೆಂದು ಮಾಡುವುದು ಜಲ್ಪ. ತನ್ನದೊಂದು ನಿಲುವೇ ಇಟ್ಟುಕೊಳ್ಳದೆ ಎದುರಿನವರದನ್ನು ಕೆಡವುತ್ತಾ ಹೋಗುವುದು ವಿತಂಡ. ಮೊಂಡು ಹಿಡಿದವರನ್ನೆಲ್ಲ ನಾವು ವಿತಂಡವಾದಿ ಎನ್ನುತ್ತೇವೆ, ಪಾಪ; ಅವರಿಗೆ ಬೇಕಾದಷ್ಟು ನಿಲುವಿರುತ್ತದೆ, ಅವರು ಜಲ್ಪದವರು.

ಇನ್ನು ಕೆಲಸಕ್ಕೆ ಬರುವ ಸಾಧನ. ಟಿಬೆಟನ್ ಮಠಗಳ ವಾದದಲ್ಲಿ ಕೂತು ಉತ್ತರಿಸುವವನಿಗೆ ಬೇಕಾದ ಹಾಗೆ ಮಾತಾಡುವ ಅವಕಾಶವಿಲ್ಲ. ಅವನ ಉತ್ತರ ಹೆಚ್ಚುಕಡಿಮೆ ನಾಲ್ಕೇ:

- ಒಪ್ಪಿದೆ.
- ಯಾಕೆ?
- ನೀವು ಕೊಟ್ಟ ಕಾರಣವೇ ಸರಿಯಿಲ್ಲ.
- ಕಾರಣ ಸರಿ, ಆದರೆ ಅದರಿಂದ ಆ ತೀರ್ಮಾನ ಬರುವುದಿಲ್ಲ. (ತರ್ಕದಲ್ಲಿ ಇದನ್ನು ‘ವ್ಯಾಪ್ತಿ ಇಲ್ಲ’ ಎನ್ನುತ್ತಾರೆ.)

ಇದನ್ನು ಹಲಗೆಯ ಮೇಲೆ ಬರೆದು, ಹತ್ತು ನಿಮಿಷ ಇಷ್ಟರಲ್ಲೇ ಆಡಿಸಿ. ಒಬ್ಬರು ನಿಂತು ಹೇಳಲಿ: “ಬುದ್ಧ ಕೊಲ್ಲಬಾರದು ಎಂದ. ಆದ್ದರಿಂದ ಭಿಕ್ಷುಗಳು ಮಾಂಸ ತಿನ್ನುವುದನ್ನು ಆತ ನಿಷೇಧಿಸಿದ್ದ.” ಕೂತವರ ಉತ್ತರ ನಾಲ್ಕನೆಯದು. ಯಾಕೆಂದರೆ ಜೀವಕ ಸುತ್ತದಲ್ಲಿ, ತನಗಾಗಿ ಕೊಂದಿದ್ದೆಂದು ಕಾಣದ, ಕೇಳದ, ಅನುಮಾನವೂ ಬಾರದ ಮಾಂಸವನ್ನು ಭಿಕ್ಷೆಯಲ್ಲಿ ಸ್ವೀಕರಿಸಬಹುದು ಎಂದಿದೆ. ಮಹಾಯಾನ ಎಂಬ ಬೌದ್ಧ ಪಂಥದ ಕೆಲವು ಸೂತ್ರಗಳು ಮಾಂಸವನ್ನು ಪೂರ್ತಿ ಬೇಡ ಎನ್ನುತ್ತವೆ, ಅದು ಇನ್ನೊಂದು ಸುತ್ತಿನ ವಾದ. ನಾಲ್ಕೇ ಉತ್ತರ ಎಂಬ ಕಟ್ಟು ಇದ್ದಾಗ ಗಂಟಲು ಏರಿಸಲು ಸಂದಿಯೇ ಸಿಗುವುದಿಲ್ಲ. ತಮಾಷೆಯೂ ತಾನಾಗಿ ಬರುತ್ತದೆ, ಮೂರು ಸಲ ಬರೀ “ಯಾಕೆ?” ಎಂದವರನ್ನು ನೋಡಿ ನಗದವರಿಲ್ಲ.

5. ನಗುವಿಗೆ ಜಾಗ ಕೊಡಿ, ಗುರಿ ನೋಡಿಕೊಳ್ಳಿ

ಬೌದ್ಧ ಪಾಠ ಎಂದರೆ ಮುಖ ಗಂಟು ಹಾಕಿಕೊಂಡು ಕೂರಬೇಕೆಂಬ ಭಯ ಹಲವರಿಗೆ. ಹಾಗಾದರೆ ದೀಘ ನಿಕಾಯದ ಕೇವಟ್ಟ ಸುತ್ತದಿಂದಲೇ ಶುರು ಮಾಡಿ. ಪೃಥ್ವಿ, ಜಲ ಮೊದಲಾದ ನಾಲ್ಕು ಮಹಾಭೂತಗಳು ಉಳಿಕೆಯಿಲ್ಲದೆ ಎಲ್ಲಿ ಇಲ್ಲವಾಗುತ್ತವೆ ಎಂದು ಕೇಳಿಕೊಂಡು ಒಬ್ಬ ಭಿಕ್ಷು ದೇವಲೋಕಗಳನ್ನೆಲ್ಲ ಅಲೆಯುತ್ತಾನೆ. ಪ್ರತಿಯೊಬ್ಬ ದೇವತೆಯೂ “ಮೇಲಿನವರನ್ನು ಕೇಳು” ಎನ್ನುತ್ತಾರೆ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಪರಿಚಿತವಾದ ಮಾತು. ಕೊನೆಗೆ ಮಹಾಬ್ರಹ್ಮ ಬರುತ್ತಾನೆ. “ನಾನು ಬ್ರಹ್ಮ, ಮಹಾಬ್ರಹ್ಮ, ಸೃಷ್ಟಿಕರ್ತ” ಎನ್ನುತ್ತಾನೆ. “ನಾನು ಅದನ್ನು ಕೇಳಲಿಲ್ಲ” ಎನ್ನುತ್ತಾನೆ ಭಿಕ್ಷು. ಮತ್ತೆ ಅದೇ ಬಿರುದಾವಳಿ. ಆಮೇಲೆ ಬ್ರಹ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು ಹೇಳುವುದು: ನನಗೆ ತಿಳಿಯದ್ದು ಇಲ್ಲವೆಂದು ಈ ದೇವತೆಗಳು ನಂಬಿದ್ದಾರೆ, ಅವರೆದುರು ಹೇಳಲಾಗಲಿಲ್ಲ, ನನಗೂ ಗೊತ್ತಿಲ್ಲ.

ಇದಕ್ಕೆ ನಗದ ಕೂಟವನ್ನು ಮುಚ್ಚಿಬಿಡಿ. ನಕ್ಕ ಮೇಲೆ ನಗು ಎಲ್ಲಿ ಬಿತ್ತು ಎಂದು ಕೇಳಿ. ಗೊತ್ತಿಲ್ಲ ಎನ್ನಲಾರದ ಅಧಿಕಾರದ ಮೇಲೆ. ಕೆಳಗೆ ಕೂತವರ ಮೇಲೆ ಅಲ್ಲ.

ಮಜ್ಝಿಮ ನಿಕಾಯದ ಸಚ್ಚಕ ಎಂಬ ವಾದಿಯ ಕತೆಯಲ್ಲಿ ಇನ್ನೊಂದು ಬಗೆಯ ನಗು ಇದೆ. ನನ್ನೊಡನೆ ವಾದಕ್ಕಿಳಿದರೆ ಜಡ ಕಂಬವೂ ನಡುಗುತ್ತದೆ ಎಂದು ವೈಶಾಲಿಯಲ್ಲಿ ಜಂಬ ಕೊಚ್ಚಿದ್ದವನು, ಬುದ್ಧನೆದುರು ಸೋತು ಹಣೆಯಿಂದ ಬೆವರು ಇಳಿಸುತ್ತಾನೆ. ಬೆವರುತ್ತಿರುವುದು ಯಾರೆಂದು ಬುದ್ಧ ತೋರಿಸಿಯೂ ಬಿಡುತ್ತಾನೆ. ಅಷ್ಟರಲ್ಲಿ ದುಮ್ಮುಖನೆಂಬ ಲಿಚ್ಛವಿ ಕುಲದವನು ಎದ್ದು, ಹುಡುಗರು ಏಡಿಯ ಕೊಂಡಿಗಳನ್ನು ಮುರಿದ ಹಾಗಾಯಿತು ಇವನ ಸ್ಥಿತಿ ಎನ್ನುತ್ತಾನೆ. ಸಚ್ಚಕ ತಿರುಗಿ ಹೇಳುತ್ತಾನೆ: ತಾಳು ದುಮ್ಮುಖ, ನಾನು ಮಾತಾಡುತ್ತಿರುವುದು ನಿನ್ನ ಜೊತೆ ಅಲ್ಲ. ಪ್ರತಿ ಕೂಟದಲ್ಲೂ ಒಬ್ಬ ದುಮ್ಮುಖ ಇರುತ್ತಾನೆ. ಸೋತವರ ಮೇಲೆ ಮೂರನೆಯವರು ಹಾಸ್ಯ ಮಾಡಬಾರದು ಎಂಬುದನ್ನು ನಿಯಮವಾಗಿಯೇ ಬರೆದಿಡಿ.

ಎಚ್ಚರಿಕೆ: ಊಟದ ತಮಾಷೆ. ಬುದ್ಧನ ಕೊನೆಯ ಊಟವಾದ ‘ಸೂಕರಮದ್ದವ’ ಹಂದಿಮಾಂಸವೋ ಅಣಬೆಯೋ ಎಂಬ ಹಳೆಯ ಚರ್ಚೆ ಬಂದ ಕೂಡಲೇ ಯಾರಿಗೋ ನಾಟಿಕೋಳಿ ಸಾರು ನೆನಪಾಗುತ್ತದೆ. ನಾಟಿಕೋಳಿ ಸಾರಿಗೆ ಮಂಡ್ಯದಲ್ಲಿ ಎಲ್ಲರೂ ನಗುತ್ತಾರೆ. ಹಂದಿ, ದನ ಎಂದರೆ ಹಾಗಲ್ಲ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬ ಹಾಸ್ಯ ನಮ್ಮಲ್ಲಿ ಒಂದೇ ಹೆಜ್ಜೆಗೆ ಜಾತಿಯ ಹಾಸ್ಯವಾಗುತ್ತದೆ, ಆಡಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಪರೀಕ್ಷೆ ಸುಲಭ: ನಿಮ್ಮ ಮೇಲೆ, ನಿಮ್ಮ ಪಂಥದ ಮೇಲೆ ಹಾಸ್ಯ ಮಾಡಿ, ಬೇಕಾದಷ್ಟು. ಬೇರೆಯವರ ಪಂಥದ ವಾದದ ಮೇಲೆ ಮಾಡಿ, ಅವರು ಎದುರಿಗಿದ್ದಾಗ ಮಾತ್ರ. ಅವರ ಊಟ, ಊರು, ಹುಟ್ಟು, ಶರಣು ಹೋದ ಗಳಿಗೆ, ಇವು ಹಾಸ್ಯಕ್ಕಲ್ಲ. ಧ್ಯಾನದಲ್ಲಿ ಗೊರಕೆ ಹೊಡೆದದ್ದನ್ನು ಗೊರಕೆ ಹೊಡೆದವರೇ ಹೇಳಲಿ.

6. ಕಾವೇರಿದಾಗ ಕೆಳಗಿನಿಂದ ಕೇಳಿಕೊಂಡು ಬನ್ನಿ

ಇದಕ್ಕೆ ಮಂಡ್ಯದವರಿಗೆ ವಿವರಣೆಯೇ ಬೇಡದ ಕತೆ ಇದೆ. ಬುದ್ಧನ ಕುಲದವರಾದ ಶಾಕ್ಯರ ಮತ್ತು ನೆರೆಯ ಕೋಲಿಯರ ನಡುವೆ ರೋಹಿಣಿ ಎಂಬ ನದಿ, ಅದಕ್ಕೊಂದು ಕಟ್ಟೆ. ಬೇಸಿಗೆ, ಪೈರು ಬಾಡುತ್ತಿದೆ. ಒಂದೇ ಸಲ ನೀರು ಕಟ್ಟಿದರೆ ನಮ್ಮ ಪೈರು ಬದುಕುತ್ತದೆ, ನಮಗೆ ಬಿಡಿ ಎಂದು ಎರಡೂ ಕಡೆಯ ಆಳುಗಳು ಅನ್ನುತ್ತಾರೆ. ಕೈ ಕೈ ಮಿಲಾಯಿಸುತ್ತದೆ. ಆಮೇಲೆ ನೀರಿನ ಮಾತು ಹೋಗಿ ಕುಲದ ಮಾತು ಬರುತ್ತದೆ: ನೀವು ತಂಗಿಯರನ್ನೇ ಕಟ್ಟಿಕೊಂಡವರ ವಂಶ, ನೀವು ಮರದ ಪೊಟರೆಯಲ್ಲಿದ್ದ ಕುಷ್ಠರೋಗಿಗಳ ವಂಶ. ಸುದ್ದಿ ಅಧಿಕಾರಿಗಳಿಗೆ, ಅಲ್ಲಿಂದ ರಾಜಮನೆತನಕ್ಕೆ ಹೋಗುತ್ತದೆ. ಸೈನ್ಯ ಹೊರಡುತ್ತದೆ. ಬುದ್ಧ ಬಂದು “ಜಗಳ ಯಾವುದಕ್ಕೆ?” ಎಂದರೆ ರಾಜರಿಗೆ ಗೊತ್ತಿಲ್ಲ. ಸೇನಾಪತಿಗೆ ಗೊತ್ತಿರಬಹುದು ಎನ್ನುತ್ತಾರೆ, ಅವನು ಇನ್ನೊಬ್ಬನತ್ತ ಕೈ ತೋರಿಸುತ್ತಾನೆ. ಹೀಗೆ ಇಳಿದು ಇಳಿದು ಕೊನೆಗೆ ಆಳುಗಳು ಹೇಳುತ್ತಾರೆ: ನೀರಿಗೆ, ಸ್ವಾಮಿ. ನೀರಿನ ಬೆಲೆ ಎಷ್ಟು, ಕ್ಷತ್ರಿಯರ ಬೆಲೆ ಎಷ್ಟು ಎಂಬ ಬುದ್ಧನ ಪ್ರಶ್ನೆ ಬರುವುದು ಆಗ.

ಧಮ್ಮಪದದ ಅಟ್ಠಕಥೆಯಲ್ಲಿ (ಹಳೆಯ ವ್ಯಾಖ್ಯಾನದಲ್ಲಿ) ಇದು ಜ್ಞಾನೋದಯದ ನಂತರದ ಘಟನೆ. ಅಂಬೇಡ್ಕರ್ ಮುದುಕ, ರೋಗಿ, ಶವ, ಸನ್ಯಾಸಿಯ ದರ್ಶನದ ಕತೆಯನ್ನು ಒಪ್ಪದೆ, ಸಿದ್ಧಾರ್ಥ ಮನೆ ಬಿಡಲು ಈ ನೀರಿನ ಜಗಳವೇ ಕಾರಣ ಎಂದು ನಿರೂಪಿಸಿದರು. ಎರಡನ್ನೂ ಓದಿಸಿ. ಒಳ್ಳೆಯ ಜಗಳ ಗ್ಯಾರಂಟಿ.

ಕೂಟದಲ್ಲಿ ಇದನ್ನು ಬಳಸುವ ಬಗೆ ಹೀಗೆ. ದನಿ ಏರಿದಾಗ ನಡೆಸಿಕೊಡುವವರು ಮಾತು ನಿಲ್ಲಿಸಿ ಕಾಫಿ ತರಿಸಬೇಕು. ಕಾಫಿ ಮುಗಿದ ಮೇಲೆ “ಇದು ಯಾವುದಕ್ಕೆ ಶುರುವಾಯಿತು?” ಎಂದು ಜಗಳವಾಡಿದವರನ್ನು ಕೇಳಬಾರದು, ಅವರಿಗೆ ಗೊತ್ತಿರುವುದಿಲ್ಲ. ಸುಮ್ಮನೆ ಕೂತು ಕೇಳುತ್ತಿದ್ದ ಅತಿ ಕಿರಿಯರನ್ನು ಕೇಳಬೇಕು. “ಆ ಸಾರ್ ಓದ್ತಾ ಇದ್ದಾಗ ಈ ಮೇಡಂ ಮಧ್ಯೆ ನಕ್ಕರು, ಅಲ್ಲಿಂದ” ಎಂಬಂಥ ಉತ್ತರ ಸಿಗುತ್ತದೆ. ಅಲ್ಲಿಗೆ ವಾಪಸ್ ಹೋಗಿ, ಅದನ್ನೇ ಸರಿಮಾಡಿ. ಶೂನ್ಯತೆಯ ವಿಷಯ ಮುಂದಿನ ವಾರಕ್ಕೆ ಇರಲಿ.

ಯಾರಾದರೂ ಬುದ್ಧನನ್ನೋ ಧಮ್ಮವನ್ನೋ ಹೀಗಳೆದರೆ? ಬ್ರಹ್ಮಜಾಲ ಸುತ್ತದಲ್ಲಿ ಇದಕ್ಕೆ ನೇರ ಸೂಚನೆಯಿದೆ: ನನ್ನನ್ನು ಬೈದರೆ ಸಿಟ್ಟಾಗಬೇಡಿ, ಸಿಟ್ಟಾದರೆ ಅವರು ಹೇಳಿದ್ದು ಸರಿಯೋ ತಪ್ಪೋ ನಿಮಗೇ ತಿಳಿಯದು, ಇಂಥದ್ದು ನಿಜವಲ್ಲ, ಇಂಥ ಕಾರಣಕ್ಕೆ ಎಂದು ಬಿಡಿಸಿ ಹೇಳಿ. ಹೊಗಳಿದರೂ ಉಬ್ಬಬೇಡಿ ಎಂದಿದೆ. ಈ ಸೂಚನೆ ಗ್ರಂಥದ ಮಾತಿಗೆ. ಕೂತವರ ಜಾತಿ ಎತ್ತಿ ಆಡಿದರೆ ತಾಳ್ಮೆಯ ಪಾಠ ಹೇಳುವುದು ಬೇಡ. ಆಡಿದವರನ್ನು ಅವತ್ತೇ ಹೊರಗೆ ಕಳಿಸಿ.

7. ಒಮ್ಮೆ ಬೈಲಕುಪ್ಪೆಗೆ ಹೋಗಿ ಬನ್ನಿ

ಮೈಸೂರಿನಿಂದ ಸುಮಾರು 80 ಕಿಲೋಮೀಟರ್, ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರಕ್ಕೆ ಮೊದಲು. ಮಡಿಕೇರಿ ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿದರೆ ಆಟೋ ಸಿಗುತ್ತದೆ. ಎಲ್ಲರೂ ಚಿನ್ನದ ಬುದ್ಧರಿರುವ ನಮ್‌ಡ್ರೋಲಿಂಗ್ ನೋಡಿ ಫೋಟೋ ಹಿಡಿದು ವಾಪಸ್ಸಾಗುತ್ತಾರೆ. ನೀವು ಸೆರಾ ಮಠಕ್ಕೂ ಹೋಗಿ. 1419ರಲ್ಲಿ ಲಾಸಾ ಹತ್ತಿರ ಸ್ಥಾಪನೆಯಾದ ಮಠವನ್ನು, 1959ರ ನಂತರ ದೇಶ ಬಿಟ್ಟು ಬಂದ ಭಿಕ್ಷುಗಳು ಇಲ್ಲಿ ಮತ್ತೆ ಕಟ್ಟಿದರು. ಸೆರಾ ಜೇ, ಸೆರಾ ಮೇ ಎಂದು ಎರಡು ವಿದ್ಯಾಲಯಗಳು.

ವಾದದ ಅಂಗಳದಲ್ಲಿ ಒಬ್ಬ ಕೂತಿರುತ್ತಾನೆ, ಒಬ್ಬ ನಿಂತು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನು ತನ್ನ ಮಾತಿಗೇ ವಿರುದ್ಧ ಹೇಳಿ ಸಿಕ್ಕಿಬಿದ್ದರೆ “ತ್ಸಾ!” ಎಂಬ ಕೂಗು, ಸುತ್ತಲೂ ನಗು. ಭಾಷೆ ತಿಳಿಯಬೇಕಿಲ್ಲ. ಸೋತವನೂ ನಗುತ್ತಿದ್ದಾನೋ ಇಲ್ಲವೋ, ಅಷ್ಟು ಗಮನಿಸಿ. ಜೋಡಿ ಬದಲಾದ ಮೇಲೆ ಅವನೇ ಎದ್ದು ನಿಂತು ಚಪ್ಪಾಳೆ ಹೊಡೆಯುವುದನ್ನೂ ನೋಡಿ.

ಹೋಗುವ ಮೊದಲು ಕೆಲವು ಸಂಗತಿ. ವಾದದ ಹೊತ್ತನ್ನು ಮಠದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಪರೀಕ್ಷೆ, ಪೂಜೆ, ಲೋಸಾರ್ (ಟಿಬೆಟನ್ ಹೊಸವರ್ಷ) ಹಬ್ಬದ ದಿನಗಳಲ್ಲಿ ಸುಮ್ಮನೆ ಹೋಗಿ ಬಂದಂತಾಗಬಹುದು. ಅಂಗಳದ ಅಂಚಿನಲ್ಲಿ ನಿಲ್ಲಿ, ನಡುವೆ ನುಗ್ಗಬೇಡಿ. ಕೇಳದೆ ವಿಡಿಯೋ ಮಾಡಬೇಡಿ. ಗೋಕುಲಂನ ವಿದೇಶಿ ಸ್ನೇಹಿತರು ಅಲ್ಲಿ ತಂಗುವುದಾದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಮುಂಚೆಯೇ ಅರ್ಜಿ ಹಾಕಿಸಿ. ವಾಪಸ್ ಬರುವಾಗ ಸಂಜೆಯ ಬಸ್ಸುಗಳು ಮಡಿಕೇರಿಯಿಂದಲೇ ತುಂಬಿಕೊಂಡು ಬರುತ್ತವೆ. ಕುಶಾಲನಗರದ ನಿಲ್ದಾಣಕ್ಕೆ ಹೋಗಿ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು.